ಲಂಕಾದಲ್ಲಿ ಟೋಕಿಯೊದ ಹಿಮ

ಕಾಶಿಯ ಗೋದೌಲಿಯಾದಿಂದ ನದಿಯ ಕಡೆ ಇಳಿಯುವ ಗಲ್ಲಿಯೊಂದರ ತಿರುವಿನಲ್ಲಿ, ಹೋದ ಚಳಿಗಾಲ, ನಾನು ಮೂಗು ಮುಚ್ಚಿಕೊಳ್ಳುವುದನ್ನು ಮರೆತು ನಿಂತುಬಿಟ್ಟೆ. ಗಂಡಸರು ತಲೆಮಾರುಗಳಿಂದ ಗೋಡೆಗೆ ಮುಖ ಮಾಡಿ ನಿಲ್ಲುತ್ತ ಬಂದಿರುವ ಜಾಗ ಅದು. ಜೊತೆಗಿದ್ದ ಯುವ ಅಧ್ಯಾಪಕನಿಗೆ ನಾಚಿಕೆಯಾಯಿತು. "ಬನ್ನಿ ಸರ್, ಮುಂದೆ ಚೆನ್ನಾಗಿದೆ" ಎಂದು ತೋಳು ಹಿಡಿದು ಎಳೆದ. ಪಿಎಚ್‌.ಡಿ. ಪರೀಕ್ಷೆಗೆಂದು ದಕ್ಷಿಣದಿಂದ ಕರೆಸಿಕೊಂಡ ಮುದುಕ ಮೂತ್ರದ ಗೋಡೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ ನಿಂತರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ?

ಅದು ಅಮೋನಿಯಾ. ನಮ್ಮ ಕಾಲದಲ್ಲಿ ಹವಾ ನಕ್ಷೆಗಳ ಪ್ರತಿ ತೆಗೆಯುತ್ತಿದ್ದದ್ದು ಅಮೋನಿಯಾದ ಹಬೆಯಲ್ಲಿ. ವಿಭಾಗದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅದರ ಯಂತ್ರವಿತ್ತು. ಅಲ್ಲಿಂದ ಹೊರಬಂದ ನೀಲಿ ಗೆರೆಯ ಹಾಳೆಗಳು ದಿನವಿಡೀ ನಾರುತ್ತಿದ್ದವು; ಅವುಗಳ ಮೇಲೆ ಬಾಗಿ ಕೂತ ನಮ್ಮ ಸ್ವೆಟರುಗಳೂ ನಾರುತ್ತಿದ್ದವು. ಬೇರೆಯವರಿಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ತಿಳಿಯದು. ನನಗೆ ಹಿಮ ನೆನಪಾಗುತ್ತದೆ. ಅದರ ಹಿಂದೆಯೇ ಶಿವು, ಅವನ ಹಿಂದೆಯೇ ಹೊಟ್ಟೆಯೊಳಗೆ ಸಣ್ಣಗೆ ಏಳುವ ಒಂದು ಉರಿ. ಇಷ್ಟು ವರ್ಷವಾದ ಮೇಲೂ ಈ ಮೂರೂ ಅದೇ ಕ್ರಮದಲ್ಲಿ ಬರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆನಪಿನ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಉಷ್ಣಮಾಪಕ ಸುಳ್ಳು ಹೇಳಿದರೆ ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. ನೆನಪಿನ ಪಕ್ಕದಲ್ಲಿ ಇಡುವುದಕ್ಕೆ ಇರುವುದು ಇನ್ನೊಬ್ಬರ ನೆನಪು ಮಾತ್ರ. ಆದ್ದರಿಂದ ಕೆಳಗಿನದನ್ನು ನಾನು ಕಂಡದ್ದು ಎಂದು ಓದಬೇಡಿ. ನನ್ನಲ್ಲಿ ಉಳಿದದ್ದು ಎಂದು ಓದಿ.

ಅದು ತುರ್ತು ಪರಿಸ್ಥಿತಿಯ ಚಳಿಗಾಲ. ಮೈಸೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ, ಬಂಗಾಳ ಕೊಲ್ಲಿಯ ಮಳೆಗಾಲದ ವಾಯುಭಾರ ಕುಸಿತಗಳ ಮೇಲೆ ಒಂದು ಪ್ರಬಂಧ ಬರೆದು, ನನ್ನ ಸಮ ಯಾರಿಲ್ಲ ಎಂದುಕೊಂಡು ಕಾಶಿಗೆ ಸಂಶೋಧನೆಗೆ ಬಂದಿದ್ದೆ. ಸೋನಾರ್‌ಪುರದಲ್ಲಿ ಒಂದು ಮಹಡಿ ಕೋಣೆ. ಬೆಳಗ್ಗೆ ಮಂಜಿನಲ್ಲಿ ಸೈಕಲ್ಲಿನ ಗಂಟೆ ಬಾರಿಸುತ್ತ, ಎದುರಿಗೆ ಬರುವ ಎಮ್ಮೆಗಳನ್ನು ಅಂದಾಜಿನ ಮೇಲೆ ತಪ್ಪಿಸುತ್ತ ವಿಶ್ವವಿದ್ಯಾಲಯ ಸೇರುತ್ತಿದ್ದೆ.

ನನ್ನ ಜೊತೆಗಿದ್ದವನು ಶಿವಲಿಂಗ, ಎಲ್ಲರ ಬಾಯಲ್ಲಿ ಶಿವು. ಅವನ ತಂದೆ ಕಾಶಿಯ ನಮ್ಮ ಕಡೆಯ ಮಠವೊಂದರಲ್ಲಿ ಕಾರಕೂನರು. ಶಿವು ಹುಟ್ಟಿ ಬೆಳೆದದ್ದೆಲ್ಲ ಆ ಮಠದ ಹಿಂಭಾಗದ ಎರಡು ಕೋಣೆಗಳಲ್ಲಿ. ಮನೆಯಲ್ಲಿ ಬಿಜಾಪುರದ ಕನ್ನಡ, ಹೊಸಿಲು ದಾಟಿದರೆ ಬನಾರಸಿನ ಬೋಲಿ. ನನಗಿಂತ ಕಡಿಮೆ ಓದುತ್ತಿದ್ದ. ಓದಿದ್ದನ್ನು ಮರೆತೂ ಬಿಡುತ್ತಿದ್ದ. ಮಧ್ಯಾಹ್ನವಾದರೆ ಮಠದ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದ. ಸಂಶೋಧನೆ ಮಾಡುವ ವಯಸ್ಸಿನ ಗಂಡಸು!

ಆ ಚಳಿಗಾಲಕ್ಕೆ ನಮ್ಮ ವಿಭಾಗಕ್ಕೆ ಜಪಾನಿನಿಂದ ಒಬ್ಬ ಪ್ರಾಧ್ಯಾಪಕರು ಬಂದರು. ಹೆಸರು ಒನೋದೆರಾ, ನಾವು ಸೆನ್ಸೆ, ಎಂದರೆ ಗುರುಗಳು, ಎನ್ನುತ್ತಿದ್ದೆವು. ಸಾರನಾಥ ನೋಡಬೇಕೆಂದು ಅವರ ತಾಯಿಗೆ ಆಸೆಯಿತ್ತಂತೆ, ಅದು ಈಡೇರಲಿಲ್ಲವಂತೆ. ಅದಕ್ಕೇ ಬೇರೆಲ್ಲ ಊರು ಬಿಟ್ಟು ಕಾಶಿಗೆ ಬಂದಿದ್ದರು. ನೀಲಿ ಬಟ್ಟೆಯಲ್ಲಿ ಕಟ್ಟಿದ ನಕ್ಷೆಗಳ ಗಂಟೊಂದನ್ನು ತಂದಿದ್ದರು: ಟೋಕಿಯೊದ ಸಮುದ್ರತೀರದಲ್ಲಿ ಹಿಂದಿನ ಚಳಿಗಾಲಗಳಲ್ಲಿ ಎದ್ದ ಹಿಮಬಿರುಗಾಳಿಗಳು. ವಾಪಸ್ಸು ಹೋಗುವಾಗ ನಮ್ಮಲ್ಲಿ ಒಬ್ಬನನ್ನು ಆರಿಸಿ, ಮುಂದಿನ ಚಳಿಗಾಲಕ್ಕೆ ತಮ್ಮ ಕೇಂದ್ರಕ್ಕೆ ಕರೆಸಿಕೊಳ್ಳುವುದಾಗಿ ಮೊದಲ ದಿನವೇ ಹೇಳಿದರು. ಒಬ್ಬನನ್ನು. ಆ ಮಾತು ಕೇಳಿದಾಗ ನಾನು ಶಿವುವಿನ ಕಡೆ ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಆ ತೀರದಲ್ಲಿ ಹಿಮವನ್ನು ಮುಂಚಿತವಾಗಿ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಸೆನ್ಸೆ ಒಂದೇ ಹಾಳೆಯಲ್ಲಿ ತೋರಿಸಿದರು. ಟೋಕಿಯೊದ ದಕ್ಷಿಣಕ್ಕೆ ಸಮುದ್ರದಲ್ಲಿ ಹಾಚಿಜೋ ಎಂಬ ಪುಟ್ಟ ದ್ವೀಪವಿದೆ. ಚಳಿಗಾಲದಲ್ಲಿ ಕಡಿಮೆ ಒತ್ತಡದ ಸುಳಿಯೊಂದು ತೀರದಗುಂಟ ಓಡುತ್ತದೆ. ದ್ವೀಪದ ಉತ್ತರಕ್ಕೆ ಹಾದರೆ ಸಮುದ್ರದ ಬೆಚ್ಚನೆಯ ಗಾಳಿ ಒಳನುಗ್ಗಿ ಊರಿಗೆ ಬರೀ ಮಳೆ. ಕೊಂಚ ದಕ್ಷಿಣಕ್ಕೆ ಸರಿದರೆ ಒಳನಾಡಿನ ಶೀತಗಾಳಿ ಜಾಗ ಬಿಟ್ಟುಕೊಡುವುದಿಲ್ಲ; ಆಗ ಹಿಮ. ಇನ್ನೂ ದೂರ ಹೋದರೆ ಏನೂ ಇಲ್ಲ, ಒಣ ಆಕಾಶ. ಪೆನ್ಸಿಲ್ಲಿನ ಮೊನೆಯಷ್ಟು ಜಾಗದಲ್ಲಿ ಒಂದು ಮಹಾನಗರದ ರೈಲು, ಶಾಲೆ, ಆಸ್ಪತ್ರೆ ಎಲ್ಲ ನಿಂತಿರುತ್ತವೆ.

ದಿನವೂ ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತಿದ್ದರು. ಮಾರನೆಯ ದಿನದ್ದು ಗಂಟಿನೊಳಗೇ ಇರುತ್ತಿತ್ತು. ನಾವಿಬ್ಬರೂ ಮೇಲೊಂದು ತೆಳು ಹಾಳೆ ಹಾಸಿ, ಸುಳಿ ನಾಳೆ ಎಲ್ಲಿರುತ್ತದೆ ಎಂದು ಕೆಂಪು ಪೆನ್ಸಿಲ್ಲಿನಲ್ಲಿ ಗುರುತಿಸಿ, ಊರಿಗೆ ಮಳೆಯೋ ಹಿಮವೋ ಏನೂ ಇಲ್ಲವೋ ಹೇಳಬೇಕು.

ಮೊದಲ ವಾರಗಳಲ್ಲಿ ನಾನು ಮಾಡಿದ ತಪ್ಪು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಬಂಗಾಳ ಕೊಲ್ಲಿಯ ಮಳೆಗಾಲದ ಸುಳಿ ಸಮುದ್ರದಲ್ಲಿ ಹುಟ್ಟಿ ಎಡಕ್ಕೆ, ನೆಲದೊಳಕ್ಕೆ ನಡೆಯುತ್ತದೆ. ಅದನ್ನೇ ವರ್ಷಗಟ್ಟಲೆ ಗೀಚಿದ್ದ ನನ್ನ ಕೈ ಜಪಾನಿನ ಸುಳಿಯನ್ನೂ ಎಡಕ್ಕೇ ಎಳೆಯಿತು. ಬುದ್ಧಿಗೆ ಗೊತ್ತು, ಅಲ್ಲಿ ಅದು ಬಲಕ್ಕೆ ಓಡುತ್ತದೆ. ಕೈಗೆ ಗೊತ್ತಿಲ್ಲ. ಸೆನ್ಸೆ ತಮ್ಮ ತುಂಡು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು: "ಮೂರ್ತಿ-ಸಾನ್, ನಿಮ್ಮ ಸುಳಿ ಚೀನಾಕ್ಕೆ ಹೊರಟಿದೆ."

ಶಿವು ಒಂದು ಸಲವೂ ಎಡಕ್ಕೆ ಎಳೆಯಲಿಲ್ಲ. ಹೇಗೆ ಎಂದು ಕೇಳಿದೆ.

"ಅದರಾಗೇನದ ಯಾರ್? ಇಲ್ಲಿ ಥಂಡಿಯೊಳಗ ಮೋಡ ಅಲಹಾಬಾದ್ ಕಡೆಯಿಂದ ಬರ್ತದ, ಪಟ್ನಾ ಕಡೆ ಹೋಗ್ತದ. ಅದಕ್ಕಿಂತ ಮೊದಲು ಪುರ್ವಾ, ಅಂದ್ರ ಮೂಡಗಾಳಿ, ಹೋದ ಮ್ಯಾಲ ಪಛುವಾ, ಪಡುಗಾಳಿ. ಪತಂಗ ಹಾರಿಸೋ ಪ್ರತಿಯೊಬ್ಬಗೂ ಗೊತ್ತು. ಜಪಾನದಾಗೂ ಹಂಗ ಇರಬೇಕು ಅಂತ ತಿಳದೆ."

ಅವನಿಗೆ ಅದು ಮಾಳಿಗೆಯ ಮೇಲೆ ಸುಮ್ಮನೆ ಸಿಕ್ಕಿತ್ತು. ನಾನು ಅದನ್ನು ಗ್ರಂಥಾಲಯದಲ್ಲಿ ಕೂತು, ಕಾಲ ಬೆರಳು ಸೆಟೆದುಕೊಳ್ಳುವ ಚಳಿಯಲ್ಲಿ, ಕೈಗೆ ಹೊಡೆದು ಕಲಿಸಬೇಕಾಯಿತು. ಕಲಿಸಿದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ನನ್ನ ಗುರುತುಗಳು ಶಿವುವಿನವಕ್ಕಿಂತ ಗುರಿಗೆ ಹತ್ತಿರ ಬೀಳುತ್ತಿದ್ದವು. ಹಾಗೆಂದು ನನ್ನ ನೆನಪು.

ಆದರೆ ಸೆನ್ಸೆಯ ಆಟ ಮೇಜಿನ ಮೇಲೆ ಮುಗಿಯುತ್ತಿರಲಿಲ್ಲ. ಮುನ್ಸೂಚನೆ ಎಂದರೆ ನಕ್ಷೆಯಲ್ಲ, ಯಾರಿಗಾದರೂ ಹೇಳಿದ ಮಾತು ಎಂಬುದು ಅವರ ನಂಬಿಕೆ. "ನಾಗರಿಕರು ಬೇಕು" ಎಂದು ನಮ್ಮನ್ನು ವಿಶ್ವವಿದ್ಯಾಲಯದ ಗೇಟಿನಾಚೆ ಲಂಕಾ ಎಂಬ ಪೇಟೆಗೆ ಕರೆದುಕೊಂಡು ಹೋದರು. ಪುಸ್ತಕದಂಗಡಿಯ ಪಕ್ಕದಲ್ಲಿ ಭಗೇಲುವಿನ ಚಹಾದಂಗಡಿ. ಕಲ್ಲಿದ್ದಲ ಒಲೆ, ಎರಡು ಬೆಂಚು, ಸುತ್ತ ಹೊತ್ತು ಕಳೆಯುವ ಜನ. ಆ ಜನರಿಗೆ ನಾಯಕ, ನಿವೃತ್ತ ಸಂಸ್ಕೃತ ಮೇಷ್ಟರು ಪಾಂಡೇಜಿ. ಬೇರೆ ಚಳಿಗಾಲವಾಗಿದ್ದರೆ ಈ ಬೆಂಚುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸರ್ಕಾರವನ್ನು ಕೆಳಗಿಳಿಸುವ, ಏರಿಸುವ ಕೆಲಸ ನಡೆಯುತ್ತಿತ್ತು. ಆ ಚಳಿಗಾಲ ಯಾರೂ ಬಾಯಿ ಬಿಡುವಂತಿರಲಿಲ್ಲ. ಪಕ್ಕದಲ್ಲಿ ಕೂತವನು ಯಾರೋ ಏನೋ. ಮಾತಿಲ್ಲದೆ ಒಣಗುತ್ತಿದ್ದ ಆ ಬಾಯಿಗಳಿಗೆ ಸೆನ್ಸೆ ಒಂದು ಊರನ್ನೇ ತಂದುಕೊಟ್ಟರು. "ನೀವೆಲ್ಲ ಟೋಕಿಯೊದವರು. ಇವರಿಬ್ಬರು ನಾಳೆಯ ಹವಾ ಹೇಳುತ್ತಾರೆ. ಕೇಳಿ, ನೀವು ಏನು ಮಾಡುತ್ತೀರಿ ಹೇಳಿ: ಮಳೆಗೆ ಛತ್ರಿ, ಹಿಮಕ್ಕೆ ಬೂಟು, ಏನೂ ಇಲ್ಲದಿದ್ದರೆ ಬರಿಗೈ."

ಶಿವು ಅದನ್ನು ಬೋಲಿಗೆ ತಿರುಗಿಸುವ ಮೊದಲೇ ಪಾಂಡೇಜಿ ಎದ್ದು ನಿಂತು ತಾವೇ ಟೋಕಿಯೊದ ಮೇಯರ್ ಎಂದು ಘೋಷಿಸಿಕೊಂಡರು. ಚುನಾವಣೆ ಇಲ್ಲದ ಕಾಲ, ಯಾರೂ ಆಕ್ಷೇಪಿಸಲಿಲ್ಲ.

"ಬರಫ್ ಅಂದ್ರೆ ಮಲಾಯ್ಯೋ ಥರಾನಾ?" ಎಂದು ಭಗೇಲು ಕೇಳಿದ. ಕಾಶಿಯ ಚಳಿಗಾಲದಲ್ಲಿ ಇಬ್ಬನಿಗೆ ಇಟ್ಟು ಕಡೆದ ಹಾಲಿನ ನೊರೆ ಅದು, ಬಾಯಲ್ಲಿಟ್ಟರೆ ಇಲ್ಲವಾಗುತ್ತದೆ.

"ಅದೇ. ಆದ್ರೆ ತಿನ್ನೋಕಾಗಲ್ಲ, ರೈಲು ನಿಲ್ಲುತ್ತೆ" ಎಂದ ಶಿವು. ಎಲ್ಲರಿಗೂ ಅರ್ಥವಾಯಿತು.

ಅಂದಿನಿಂದ ದಿನವೂ ಅದೇ. ನಾವು ಗೇಟು ದಾಟುವುದರೊಳಗೆ ಬೆಂಚಿನಿಂದ ಕೂಗು: "ಕಾ ಗುರೂ, ಕಾಲ್ಹ್ ಬರಫ್ ಗಿರೀ ಕಿ ನಾ?" ನಾಳೆ ಹಿಮ ಬೀಳುತ್ತೋ ಇಲ್ಲವೋ? ಮಾರನೆಯ ದಿನ ಗಂಟು ಬಿಚ್ಚಿದ ಮೇಲೆ, ನಿನ್ನೆ ನಮ್ಮೂರಲ್ಲಿ ಏನಾಯಿತು ಎಂದು ಕೇಳಿಸಿಕೊಳ್ಳುವುದಕ್ಕೆ ಕಾಯುತ್ತಿದ್ದರು. ಒಣ ಹವೆಯ ದಿನ ಛತ್ರಿ ಹಿಡಿಸಿದ ತಪ್ಪಿಗೆ ಪಾಂಡೇಜಿ ಶಿವುಗೆ ಮಣ್ಣಿನ ಕುಲ್ಹಡ್ಡಿನಲ್ಲಿ ಒಂದು ಚಹಾದ ದಂಡ ಹಾಕಿ, ಅದನ್ನು ತಾವೇ ಕುಡಿದರು.

ನನ್ನ ಕಷ್ಟ ಶುರುವಾದದ್ದು ಅಲ್ಲಿ. ನಾನು ಹಿಂದಿ ಕಲಿತದ್ದು ಊರಿನಲ್ಲಿ, ಒಂದರ ಮೇಲೊಂದು ಪರೀಕ್ಷೆ ಕಟ್ಟಿ. ಎಲ್ಲದರಲ್ಲೂ ಮೊದಲ ದರ್ಜೆ. ಮೊದಲ ದಿನ ನಾನು ಎದೆ ಸೆಟೆಸಿ ಹೇಳಿದೆ: "ಕಲ್ ನಗರ್ ಮೇಂ ಹಿಮಪಾತ್ ಕೀ ಪ್ರಬಲ್ ಸಂಭಾವನಾ ಹೈ." ಆಮೇಲೆ ಒಲೆಯ ಹಿಂದಿನಿಂದ ಭಗೇಲು, "ಅರೇ, ಈ ತ ರೇಡಿಯೋ ಹಉವನ್!" ಎಂದ. ಇವನು ರೇಡಿಯೋ! ಬೆಂಚುಗಳು ನಕ್ಕವು. ಅಂದಿನಿಂದ ನನ್ನ ಹೆಸರು ರೇಡಿಯೋ ಬಾಬು.

ಅಡ್ಡಹೆಸರಿಗೆ ನಾನು ಬೇಸರ ಮಾಡಿಕೊಳ್ಳುವವನಲ್ಲ. ಆದರೆ ಆ ಚಳಿಗಾಲದಲ್ಲಿ ರೇಡಿಯೋ ಹೇಳಿದ್ದನ್ನು ಯಾರೂ ನಂಬುತ್ತಿರಲಿಲ್ಲ. ದೇಶದಲ್ಲಿ ಎಲ್ಲ ಸುಖವಾಗಿದೆ, ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ಅದು ದಿನವೂ ಶುದ್ಧ ಹಿಂದಿಯಲ್ಲಿ ಹೇಳುತ್ತಿತ್ತು. ಬೆಂಚಿನ ಜನ ಕೇಳಿ, ಕಣ್ಣಲ್ಲೇ ನಕ್ಕು, ಪಾನ್ ಉಗುಳುತ್ತಿದ್ದರು. ನನ್ನ ಬಾಯಿಂದ ಹೊರಟದ್ದೂ ಅದೇ ಭಾಷೆ. ನಾನು ಹಿಮ ಎಂದರೆ ಅವರು ಛತ್ರಿ ಹಿಡಿದರು. ಮಳೆ ಎಂದರೆ ಬರಿಗೈಯಲ್ಲಿ ಹೊರಟರು. ಶಿವು ಬೆಂಚಿನ ಮೇಲೆ ಕುಕ್ಕರುಗಾಲಲ್ಲಿ ಕೂತು, "ಭಯ್ಯಾ, ಕಾಲ್ಹ್ ತನೀ ಸಮ್ಹಾರ್ ಕೆ," ನಾಳೆ ಒಂಚೂರು ಹುಷಾರಾಗಿರಿ ಎಂದರೆ ಸಾಕು, ಇಡೀ ಟೋಕಿಯೊ ಕಾಲಿಗೆ ಬೂಟು ಹಾಕಿಕೊಳ್ಳುತ್ತಿತ್ತು. ಅವನು ತಪ್ಪಿದ ದಿನ, "ಹವಾ ಹೌ ಗುರೂ, ಕೇಕರೇ ಬಸ್ ಮೇಂ ಬಾ!" ಹವಾ ಯಾರ ಕೈಯಲ್ಲಿದೆ ಎಂದು ಅವನ ಬೆನ್ನು ತಟ್ಟುತ್ತಿದ್ದರು. ನಾನು ಸರಿ ಹೇಳಿದ ದಿನ, "ಚಲಾ, ರೇಡಿಯೋವೋ ಕಬ್ಬೋ ಕಬ್ಬೋ ಸಚ್ ಬೋಲ್ ದೇಲಾ," ರೇಡಿಯೋನೂ ಒಮ್ಮೊಮ್ಮೆ ನಿಜ ಹೇಳಿಬಿಡುತ್ತದೆ ಎಂದು ಹಲ್ಲು ಕಿರಿಯುತ್ತಿದ್ದರು.

ಸೆನ್ಸೆ ಒಂದು ಮೂಲೆಯಲ್ಲಿ ಕುಲ್ಹಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲವನ್ನೂ ನೋಡುತ್ತಿದ್ದರು.

ಭಾನುವಾರಗಳಂದು ನಾನು ಶಿವುವಿನ ಮನೆಯಲ್ಲಿ ಊಟ ಮಾಡುತ್ತಿದ್ದೆ. ಊರಿನಿಂದ ಬರುವ ಭಕ್ತರು ಮಠಕ್ಕೆ ಜೋಳದ ಹಿಟ್ಟು ತರುತ್ತಿದ್ದರು. ಅವನ ತಾಯಿ ನೀಲವ್ವ ರೊಟ್ಟಿ ಬಡಿಯುತ್ತ ನನ್ನನ್ನು ಒಲೆಯ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು.

"ಯಾಕ ತಮ್ಮಾ, ಮಾರಿ ಸಣ್ಣ ಮಾಡಿ? ಊರ ನೆನಪಾತೇನು?"

"ಇಲ್ಲ ನೀಲವ್ವಾ, ಚೆನ್ನಾಗಿದೀನಿ."

"ಏನ್ ಚೆನ್ನಾಗಿದೀನಿ! ಎಲುಬಿಗೆ ತೊಗಲು ಹೊದಿಸಿದಂಗ ಆಗೀ. ಏ ಶಿವೂ, ಅವಗ ಬೆಣ್ಣಿ ಹಚ್ಚೋ. ನಿನ್ನ ಪಾಲಿಂದು ಹಚ್ಚು, ನಿನಗೇನ ದಿನಾ ಸಿಗತದ."

ಶಿವು ತನ್ನ ಬೆಣ್ಣೆಯನ್ನು ನನ್ನ ರೊಟ್ಟಿಗೆ ಹಚ್ಚುತ್ತಿದ್ದ. ಅದೂ ನಗುತ್ತ. ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದು ಸುಲಭವಲ್ಲ; ಮೈಯೆಲ್ಲ ದಣಿಯುತ್ತದೆ. ಅವನು ಒಂದು ಸಲ ಕೆಟ್ಟವನಾಗಲಿ, ಒಂದೇ ಒಂದು ಸಲ ನನ್ನ ನಕ್ಷೆಯನ್ನು ಕದ್ದು ನೋಡಲಿ ಎಂದು ನಾನು ಕಾಯುತ್ತಿದ್ದೆ. ಅವನು ನೋಡಲಿಲ್ಲ. ನನ್ನ ನಕ್ಷೆ ಅವನಿಗೆ ಬೇಕಾಗಿಯೇ ಇರಲಿಲ್ಲ. ಜಪಾನಿಗೆ ಹೋಗುವ ಆಸೆ ಇದೆಯೋ ಎಂದು ಒಮ್ಮೆ ಕೇಳಿದೆ. "ಹೋಗಬೇಕು ಅನ್ನಸ್ತದ. ಬೀಳೋ ಹಿಮಾ ಒಮ್ಮೆ ನೋಡಬೇಕಲಾ. ಆದರ ನೀ ಹೋದ್ರ ನನಗ ಬರದು ತಿಳಸ್ತಿ, ನಾ ಹೋದ್ರ ನಿನಗ. ಅಷ್ಟ" ಎಂದ. ನಾನು ಹೋದರೆ ಇವನಿಗೆ ಒಂದು ಸಾಲೂ ಬರೆಯುವುದಿಲ್ಲ ಎಂದು ಅದೇ ಕ್ಷಣ ತೀರ್ಮಾನಿಸಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಕೆಲವು ದಿನ ಮಂಜು ಹರಿದು ಒಳ್ಳೆಯ ಬಿಸಿಲು ಬಿತ್ತು. ಭಗೇಲುವಿನ ಅಣ್ಣ ಕುಂಬಾರ. ಅಂಗಡಿಯ ಹಿಂದಿನ ಬಯಲಿನಲ್ಲಿ ಹಸಿ ಕುಲ್ಹಡ್ಡುಗಳನ್ನು ಸಾಲು ಸಾಲಾಗಿ ಒಣಗಲು ಇಟ್ಟಿದ್ದ. ಮದುವೆಯ ದಿನಗಳು ಹತ್ತಿರವಿದ್ದವು, ಅದು ಅವನ ಇಡೀ ಚಳಿಗಾಲದ ದುಡಿಮೆ. ಆ ಬೆಳಗ್ಗೆ ನಮ್ಮ ವಿಭಾಗಕ್ಕೆ ಬಂದ ನಿಜವಾದ ನಕ್ಷೆ, ಜಪಾನಿನದಲ್ಲ, ನಮ್ಮದೇ ನಾಡಿನದು, ನೋಡಿ ನಾನು ಎದ್ದು ನಿಂತೆ. ಪಶ್ಚಿಮದಿಂದ ಒಂದು ಸುಳಿ ಬರುತ್ತಿತ್ತು. ಮೇಲಿನ ಗಾಳಿ ವಿಪರೀತ ತಣ್ಣಗಿತ್ತು, ಕೆಳಗೆ ತೇವದ ಪುರ್ವಾ ಬೀಸುತ್ತಿತ್ತು. ಆಲಿಕಲ್ಲು ಬೀಳಲೇಬೇಕು. ಸೈಕಲ್ ಹತ್ತಿ ಲಂಕಾಕ್ಕೆ ಓಡಿದೆ.

"ಭಗೇಲು ಭಾಯಿ, ಸಂಜೆಯೊಳಗೆ ಓಲಾವೃಷ್ಟಿಯ ಆಶಂಕೆ ಇದೆ. ಪಾತ್ರೆಗಳನ್ನು ತಕ್ಷಣ ಸುರಕ್ಷಿತ ಸ್ಥಾನಕ್ಕೆ ಸಾಗಿಸಿ!"

ಬೆಂಚುಗಳು ಆಕಾಶ ನೋಡಿದವು. ನೀಲಿ. ಪಾಂಡೇಜಿ ಕೈ ಮುಗಿದು, "ರೇಡಿಯೋ ಬಾಬು, ಟೋಕಿಯೊದಲ್ಲೋ ಕಾಶಿಯಲ್ಲೋ?" ಎಂದರು. ನಗೆಯೋ ನಗೆ. ನಾನು ಅಂಗಲಾಚಿದೆ. ಅಂಗಲಾಚಿದಷ್ಟೂ ನನ್ನ ಹಿಂದಿ ಇನ್ನಷ್ಟು ಶುದ್ಧವಾಗುತ್ತ ಹೋಯಿತು.

ಅಷ್ಟರಲ್ಲಿ ಶಿವು ಬಂದ. ಸೈಕಲ್ಲಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಏನೋ ಅಂದ. ಮರುಕ್ಷಣ ಇಡೀ ಟೋಕಿಯೊ ಎದ್ದಿತು. ಮೇಯರು ಧೋತಿ ಎತ್ತಿ ಕಟ್ಟಿ ತಲೆಯ ಮೇಲೆ ಹಲಗೆ ಹೊತ್ತರು. ಕುಂಬಾರನ ಹೆಂಡತಿ, ಪುಸ್ತಕದಂಗಡಿಯವನು, ನಾನೂ, ಶಿವುವೂ, ಕೈಗೆ ಸಿಕ್ಕಷ್ಟು ಹಸಿ ಮಣ್ಣನ್ನು ಮಾಡಿನ ಕೆಳಗೆ ಸಾಗಿಸಿದೆವು. ಮಧ್ಯಾಹ್ನ ತಿರುಗುವ ಹೊತ್ತಿಗೆ ಕತ್ತಲಾಯಿತು. ಆಮೇಲೆ ತಗಡಿನ ಮಾಡಿನ ಮೇಲೆ ಯಾರೋ ಕಲ್ಲು ಸುರಿದಂತೆ ಆಲಿಕಲ್ಲು ಬಿತ್ತು. ಬಯಲು ಬೆಳ್ಳಗಾಯಿತು.

ಭಗೇಲುವಿನ ಅಣ್ಣ ಬಂದು ಶಿವುವನ್ನು ತಬ್ಬಿಕೊಂಡ. "ಜಿಯ ರಜಾ!" ಬಾಳು ದೊರೆ ಎಂದು ಪಾಂಡೇಜಿ ಅವನ ಬೆನ್ನಿಗೆ ಗುದ್ದಿದರು. ಚಹಾ ಮೊದಲು ಶಿವುಗೆ ಬಂತು.

ಶಿವು ಸೈಕಲ್ಲಿನ ಮೇಲಿಂದ ಹೇಳಿದ್ದೇನು? ಇಲ್ಲಿ ನನ್ನ ನೆನಪಿನಲ್ಲಿ ಎರಡು ವಾಕ್ಯಗಳಿವೆ. ಒಂದು: "ಮೂರ್ತಿ ಕಹತ್ ಹಉವನ್ ತ ಉಠಾಯ್ ಲಾ." ಮೂರ್ತಿ ಹೇಳ್ತಿದಾನೆ ಅಂದಮೇಲೆ ಎತ್ತಿಬಿಡಿ. ಇನ್ನೊಂದು ಬರೀ "ಉಠಾಯ್ ಲಾ." ಒಲೆ ಉರಿಯುತ್ತಿತ್ತು, ಜನ ನಗುತ್ತಿದ್ದರು, ನಾನು ಅವನಿಗೆ ಬೆನ್ನು ಹಾಕಿದ್ದೆ. ಮೊದಲನೆಯದಾದರೆ ಅವನ ಮೇಲೆ ನನ್ನ ದೂರು ನಿಲ್ಲುವುದಿಲ್ಲ. ಎರಡನೆಯದಾದರೆ ಆ ಆಲಿಕಲ್ಲು ನನ್ನಿಂದ ಕಸಿದದ್ದು. ವರ್ಷಗಟ್ಟಲೆ ನಾನು ಎರಡನೆಯದನ್ನೇ ಕೇಳಿಸಿಕೊಂಡೆ.

ಫೆಬ್ರವರಿ ಕೊನೆಗೆ ಸೆನ್ಸೆ ಗಂಟಿನ ತಳದಿಂದ ಕೊನೆಯ ನಕ್ಷೆ ತೆಗೆದರು. ಇದರ ಮೇಲೆ ತೀರ್ಮಾನ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಸುಳಿ ಸರಿಯಾಗಿ ಹಾಚಿಜೋ ದ್ವೀಪದ ನೆತ್ತಿಯ ಮೇಲೆ ಹಾಯುವಂತಿತ್ತು. ಮಳೆ, ಹಿಮ ಎರಡರ ನಡುವಿನ ಗೆರೆ. ಊರಿನ ಉಷ್ಣಾಂಶ ಹಿಮ ಬೀಳಲಾರದಷ್ಟು ಹೆಚ್ಚು. ಶಿವು ಬಹಳ ಹೊತ್ತು ನೋಡಿ ಮಳೆ ಎಂದ. ನಾನು ಹಿಮ ಎಂದೆ. ಗಾಳಿ ಎಷ್ಟು ಒಣಗಿದೆ ಎಂಬುದನ್ನು ನಾನು ನೋಡಿದ್ದೆ. ಮೊದಲು ಬೀಳುವ ಹನಿಗಳು ಆ ಒಣ ಗಾಳಿಯಲ್ಲಿ ಆವಿಯಾಗುತ್ತ ಗಾಳಿಯನ್ನೇ ತಣಿಸುತ್ತವೆ. ಆಮೇಲೆ ಬೀಳುವುದು ಹಿಮವಾಗಿಯೇ ಬೀಳುತ್ತದೆ.

ಲಂಕಾದಲ್ಲಿ ನಾನು ಅದನ್ನು ವಿವರಿಸಿದೆ. ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ಬೇರಿನ ಖಸ್ ಪರದೆ ಕಟ್ಟಿ ನೀರು ಚಿಮುಕಿಸುತ್ತೀರಲ್ಲ, ಸುಡುವ ಲೂ ಗಾಳಿ ಅದರೊಳಗೆ ಹಾದು ತಣ್ಣಗಾಗುತ್ತದಲ್ಲ, ಹಾಗೆ ಎಂದೆ. ಆ ಉದಾಹರಣೆ ನನಗೆ ಹೇಗೆ ಹೊಳೆಯಿತೋ. ಆಮೇಲೆ ಶಿವು, ಛತ್ರಿ ಸಾಕು ಅನ್ನಿಸುತ್ತದೆ, ಎಂದ. ಸೆನ್ಸೆ ಒಬ್ಬೊಬ್ಬರನ್ನೂ ಕೇಳಿದರು. ಮೇಯರು ಛತ್ರಿ ಎಂದರು. ಭಗೇಲು ಛತ್ರಿ ಎಂದ. ಬೆಂಚುಗಳೆಲ್ಲ ಛತ್ರಿ.

ಗಂಟು ಬಿಚ್ಚಿದಾಗ ಮಾರನೆಯ ದಿನದ ನಕ್ಷೆಯಲ್ಲಿ ಟೋಕಿಯೊದ ಮೇಲೆ ಹಿಮದ ಪುಟ್ಟ ನಕ್ಷತ್ರ ಚಿಹ್ನೆ ಇತ್ತು. ನಾನು ಉಸಿರು ಬಿಟ್ಟೆ. ಸೆನ್ಸೆ ಎದ್ದು ನನಗೆ ಸೊಂಟ ಬಗ್ಗಿಸಿ ವಂದಿಸಿದರು. ಆಮೇಲೆ, ಜಪಾನಿಗೆ ಶಿವುವನ್ನು ಕರೆಸಿಕೊಳ್ಳುವುದಾಗಿ ಹೇಳಿದರು.

"ಯಾಕೆ?" ಎಂದೆ.

"ಹಿಮ ಬಂತು, ಮೂರ್ತಿ-ಸಾನ್. ಮುನ್ಸೂಚನೆ ಬರಲಿಲ್ಲ. ಊರಿನವರೆಲ್ಲರ ಕಾಲು ಒದ್ದೆಯಾಯಿತು."

ಅವರು ಇನ್ನೂ ಏನೋ ಹೇಳಿದರು, ನಕ್ಷೆ ಓದುವುದನ್ನು ಯಾರಿಗಾದರೂ ಕಲಿಸಬಹುದು, ಇನ್ನೊಂದನ್ನು ಕಲಿಸಲು ತಮಗೆ ಬರುವುದಿಲ್ಲ ಎಂದೇನೋ. ನಾನು ಕೇಳಿಸಿಕೊಳ್ಳಲಿಲ್ಲ. ಆ ಭಾನುವಾರ ಮಠಕ್ಕೆ ಊಟಕ್ಕೆ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಮಳೆಗಾಲ ಕಳೆದು ಶಿವು ಹೊರಟ ದಿನ ಇಡೀ ಟೋಕಿಯೊ ಸ್ಟೇಷನ್ನಿಗೆ ಹೋಗಿತ್ತಂತೆ. ನಾನು ಗ್ರಂಥಾಲಯದಲ್ಲಿದ್ದೆ. ಹೋದವನು ಅಲ್ಲೇ ನಿಂತ. ಒಂದು ಚಳಿಗಾಲ ಇನ್ನೊಂದಾಗಿ ಅವನ ಬದುಕೇ ಅಲ್ಲಿ ಕಳೆಯಿತು. ಹೇಳಿದಂತೆ ಪತ್ರ ಬರೆಯುತ್ತಿದ್ದ. ಮೊದಲ ಪತ್ರದಲ್ಲಿ, ಹಿಮ ಬೀಳುವಾಗ ಸದ್ದೇ ಇರುವುದಿಲ್ಲ, ಅದನ್ನು ನಮಗೆ ಯಾರೂ ಹೇಳಿರಲಿಲ್ಲ ನೋಡು, ಎಂದು ಬರೆದಿದ್ದ. ನಾನು ಬಿದ್ದು ಹೆಪ್ಪುಗಟ್ಟಿದ ಹಿಮವನ್ನು ಶಿಮ್ಲಾದಲ್ಲಿ ಕಂಡಿದ್ದೇನೆ. ಬೀಳುವುದನ್ನು ಇಂದಿಗೂ ಕಂಡಿಲ್ಲ.

ಹೋದ ಚಳಿಗಾಲ ಗೋದೌಲಿಯಾದ ಆ ಗೋಡೆಯಿಂದ ನನ್ನನ್ನು ಬಿಡಿಸಿಕೊಂಡ ಯುವ ಅಧ್ಯಾಪಕ ಇ-ರಿಕ್ಷಾ ಹತ್ತಿಸಿ ಲಂಕಾಕ್ಕೆ ಕರೆತಂದ. ಚಹಾದಂಗಡಿ ಇದ್ದ ಕಡೆ ಈಗ ಕೋಚಿಂಗ್ ಸೆಂಟರಿದೆ. ಭಗೇಲು, ಪಾಂಡೇಜಿ, ಸೆನ್ಸೆ, ನೀಲವ್ವ ಯಾರೂ ಇಲ್ಲ. ಫುಟ್‌ಪಾತಿನ ಮೇಲೆ ನಿಂತು, ಏನು ತೋಚಿತೋ, ಜಪಾನಿಗೆ ಫೋನು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದ.

"ಏನಲೇ ರೇಡಿಯೋ! ಎಲ್ಲಿದೀ?"

"ಲಂಕಾದಲ್ಲಿ."

"ಅಯ್ಯ! ಚೂಡಾ ಮಟರ್ ತಿಂದ್ಯಾ? ಹಸಿ ಬಟಾಣಿ ಬಂದಾವೇನು?"

ಕಾಶಿಯ ಚಳಿಗಾಲದ ಹಸಿ ಬಟಾಣಿ ಅವಲಕ್ಕಿ ಅದು. ಅವನ ಕನ್ನಡ ಒಂದಿಷ್ಟೂ ಮಾಸಿರಲಿಲ್ಲ. ನನಗೆ ಅದರ ಮೇಲೂ ಅಸೂಯೆಯಾಯಿತು. ಸುತ್ತುಬಳಸದೆ ಕೇಳಿದೆ: ಆಲಿಕಲ್ಲು ಬಿದ್ದ ದಿನ, ಸೈಕಲ್ಲಿನ ಮೇಲಿಂದ ನೀನು ಏನು ಹೇಳಿದೆ?

"ಏನ್ ಹೇಳ್ತೀನಿ? ಮೂರ್ತಿ ಹೇಳ್ಯಾನ, ಎತ್ತರಿ ಅಂದೆ. ಓಲಾ ಬೀಳತದ ಅಂತ ನನಗೇನ ಕನಸು ಬಿದ್ದಿತ್ತೇನು? ನಾ ಅವತ್ತ ಆ ನಕ್ಷೆನೂ ನೋಡಿರಲಿಲ್ಲ. ಅವರೆಲ್ಲ ನನ್ನ ತಬ್ಬಿಕೊಂಡ್ರ ನನಗ ನಾಚಿಕಿ ಆಗಿತ್ತೋ. ಮೂರ್ತಿಗೆ ಹೇಳ್ರಿ, ಮೂರ್ತಿಗೆ ಹೇಳ್ರಿ ಅಂತ ಎಷ್ಟ ಸಲ ಅಂದೆ, ಯಾರು ಕೇಳ್ತಾರ?"

ನನ್ನ ಎದೆಯಿಂದ ಏನೋ ಇಳಿಯಿತು. ತನಗೆ ವಿರುದ್ಧವಾಗಿ ನುಡಿಯುವ ಸಾಕ್ಷಿಗಿಂತ ನಂಬತಕ್ಕ ಸಾಕ್ಷಿ ಇಲ್ಲ. ಆಲಿಕಲ್ಲು ನನ್ನದು. ಸಾಕು ಎಂದು ಫೋನು ಇಡಬೇಕಾಗಿತ್ತು.

"ಆ ಕಡೀ ನಕ್ಷೆ ನೆನಪದ ಏನು?" ಎಂದು ಅವನೇ ಮುಂದುವರಿಸಿದ. "ನೀ ಮಳಿ ಅಂದಿ, ನಾ ಹಿಮಾ ಅಂದೆ. ಹವಾ ಒಣಾ ಇತ್ತಲಾ. ಪಾಂಡೇಜಿಗೆ ಖಸ್ ಪರದಾದ ಮಾತು ಹೇಳಿ ತಿಳಸೋದರಾಗ ನನಗ ಸಾಕಾತು. ಕಡೀಕೆ ಎಲ್ಲಾರೂ ಬೂಟು ಅಂದ್ರು ನೋಡು. ಅವತ್ತ ಸೆನ್ಸೆ ಎಷ್ಟ ಖುಷಿ ಆಗಿದ್ರು!"

ಪಕ್ಕದಲ್ಲಿ ರಿಕ್ಷಾಗಳು ಹಾರನ್ನು ಬಾರಿಸುತ್ತಿದ್ದವು. ಅವನ ದನಿಯಲ್ಲಿ ಜಂಬವಿರಲಿಲ್ಲ, ಅನುಮಾನವೂ ಇರಲಿಲ್ಲ. ಆಲಿಕಲ್ಲಿನ ಮಾತನ್ನು ಹೇಳಿದ ಅದೇ ದನಿ. ಒಂದೇ ಸಾಕ್ಷಿಯ ಒಂದು ಮಾತನ್ನು ಕಣ್ಣಿಗೊತ್ತಿಕೊಂಡು ಇನ್ನೊಂದನ್ನು ಬಿಸಾಡುವುದಕ್ಕೆ ಯಾವ ತರ್ಕವೂ ಒಪ್ಪುವುದಿಲ್ಲ. ಅವನು ಹೇಳಿದಂತೆ ನಡೆದಿದ್ದರೆ ಆ ದಿನ ಅನ್ಯಾಯವೇ ಆಗಿಲ್ಲ. ಸರಿ ಹೇಳಿದವನು, ನಂಬಿಸಿದವನು, ಇಬ್ಬರೂ ಅವನೇ. ಹೋಗಬೇಕಾದವನೇ ಹೋದ. ಸೆನ್ಸೆಯ ಆ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ, ನಿಜ. ಆದರೆ ತುಂಡು ಇಂಗ್ಲಿಷಿನ ಮನುಷ್ಯ ಅಷ್ಟು ನಯವಾದ ವಾಕ್ಯ ಆಡಿದ್ದರೇ, ಅಥವಾ ಇಷ್ಟು ವರ್ಷ ನಾನೇ ಅದನ್ನು ಉಜ್ಜಿ ನಯ ಮಾಡಿದೆನೇ?

"ಹಲೋ? ಅದೀಯೇನೋ?"

ಇಲ್ಲ ಶಿವು, ಹಿಮ ಅಂದವನು ನಾನು ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ಮುಂಚಿತವಾಗಿ ಹೇಳಲು ನಕ್ಷೆ ಬೇಕಿಲ್ಲ. ಅವನು ಒಂದು ಕ್ಷಣವೂ ತಡೆಯದೆ, "ಹೌದೇನೋ? ಹಂಗಾರ ನೀನ ಅಂದಿರಬೇಕು ಬಿಡು, ನನಗ ಸರಿ ನೆನಪಿಲ್ಲ" ಎಂದು ಅದನ್ನೂ ನಗುತ್ತ ನನಗೆ ಕೊಟ್ಟುಬಿಡುತ್ತಿದ್ದ.

"ಹಸಿ ಬಟಾಣಿ ಬಂದಿವೆ" ಎಂದೆ.